‘ಸ್ಟೆಮ್ ಸೆಲ್’ ಅಂತಾರಲ್ಲ, ಅದರಲ್ಲಿ ಯಾವುದು? ಎಂಎಸ್ ಇರುವವರ ಮನೆಯವರಿಗೆ ಒಂದು ಹೋಲಿಕೆ

ನಮ್ಮ ಕಡೆ ಸ್ನಾನ ಅಂದರೆ ಹಂಡೆಯಲ್ಲಿ ಕಾದ ನೀರು, ಮೈ ಕೆಂಪಗಾಗುವಷ್ಟು ಬಿಸಿ. ಮೂಡಿಗೆರೆಯ ಜುಲೈ ಮಳೆಯಲ್ಲಿ ಅದಿಲ್ಲದೆ ಆಗುವುದೂ ಇಲ್ಲ. ತವರಿಗೆ ಬಂದಿದ್ದ ನನ್ನ ತಂಗಿ ಒಂದು ದಿನ ಬಚ್ಚಲಿಂದ ಹೊರಗೆ ಬಂದವಳು ಗೋಡೆ ಹಿಡಿದು ನಿಂತುಬಿಟ್ಟಳು. "ಅಣ್ಣ, ಬಲಗಣ್ಣಿಗೆ ಮಂಜು ಕವಿದ ಹಾಗಿದೆ" ಅಂದಳು. ಒಲೆ ಹೊಗೆ ಇರಬೇಕು ಅಂದುಕೊಂಡೆ. ಅರ್ಧ ಗಂಟೆಗೆ ಸರಿಹೋಯಿತು. ಮಾರನೇ ದಿನ ಸ್ನಾನ ಆದ ಮೇಲೆ ಮತ್ತೆ ಅದೇ.

ಅದಕ್ಕೂ ನಾಲ್ಕು ತಿಂಗಳು ಮುಂಚೆ ಅದೇ ಕಣ್ಣು ನೋವು ಬಂದು ಮಸುಕಾಗಿತ್ತು. ಒಂದು ಕನ್ನಡಕದ ಅಂಗಡಿಯಲ್ಲಿ ಪವರ್ ಜಾಸ್ತಿ ಆಗಿದೆ ಅಂತ ಹೊಸ ಗ್ಲಾಸ್ ಹಾಕಿ ಕಳಿಸಿದ್ದರು. ನಾವೂ ಸುಮ್ನಾಗಿದ್ದೆವು. ಬಚ್ಚಲ ಪ್ರಸಂಗ ಆಗಿ ಎರಡು ವಾರಕ್ಕೆ ಎರಡೂ ಪಾದ ಜೋಮು ಹಿಡಿಯಿತು. ಹಾಸನದಲ್ಲಿ ಎಂಆರ್‌ಐ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. ಮಿದುಳಲ್ಲಿ, ಬೆನ್ನುಹುರಿಯಲ್ಲಿ ಬಿಳಿ ಚುಕ್ಕೆಗಳು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ಎಲ್ಲರೂ ಎಂಎಸ್ ಅನ್ನುತ್ತಾರೆ. ಮೈ ಬಿಸಿಯಾದಾಗ ಹಳೇ ಗಾಯದ ನರ ಮಂಕಾಗುವುದು ಈ ಕಾಯಿಲೆಯಲ್ಲಿ ಮಾಮೂಲಿ ಅಂತ ಆಗ ತಿಳಿಯಿತು.

ನರದ ಮೇಲೆ ಮೈಲಿನ್ ಅಂತ ಒಂದು ಹೊದಿಕೆ ಇರುತ್ತದೆ. ಮೋಟಾರ್ ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ. ಅದನ್ನು ಇಲಿ ಕಡಿದರೆ ಪಂಪು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಇಲ್ಲಿ ಇಲಿ ಹೊರಗಿನದಲ್ಲ, ನಮ್ಮದೇ ರೋಗನಿರೋಧಕ ಕಣಗಳು.

ಸುದ್ದಿ ನೆಂಟರಿಗೆ ಮುಟ್ಟಿದ ವಾರದಲ್ಲೇ ಸೋದರಮಾವ ಒಂದು ಬಣ್ಣದ ಕರಪತ್ರ ತಂದುಕೊಟ್ಟರು. "ಸ್ಟೆಮ್ ಸೆಲ್ ಹಾಕಿಸಿಬಿಡೋಣ ಕಣೋ, ತೋಟದ ಮೇಲೆ ಸಾಲ ತೆಗೆದರಾಯ್ತು" ಅಂದರು. ಸ್ಟೆಮ್ ಸೆಲ್ ಅಂದರೆ ಬೇರೆ ಕಣಗಳು ಹುಟ್ಟಿಬರುವ ಮೂಲ ಕಣ. ಮಾವನ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಆದರೆ ಆ ಒಂದು ಹೆಸರಿನೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಚಿಕಿತ್ಸೆ ಅಡಗಿವೆ ಅಂತ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದನ್ನು ಬಿಡಿಸಿಕೊಳ್ಳಲು ನಮಗೆ ಎಂಟು ತಿಂಗಳು ಹಿಡಿಯಿತು. ನಾನು ಡಾಕ್ಟರಲ್ಲ, ಹತ್ತು ಎಕರೆ ಕಾಫಿ ನೋಡಿಕೊಳ್ಳುವವನು. ನಮಗೆ ತಿಳಿದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ತೀರ್ಮಾನ ಮಾತ್ರ ನಿಮ್ಮ ನರರೋಗ ತಜ್ಞರ ಎದುರು ಕೂತೇ ಆಗಬೇಕು.

ಮೊದಲು ಕಾಯಿಲೆ ಯಾವುದು ಅಂತ ಗಟ್ಟಿಯಾಗಲಿ

ಎಂಎಸ್ ಥರವೇ ಕಾಣುವ ಅಣ್ಣತಮ್ಮಂದಿರಿದ್ದಾರೆ. ಒಂದು ಎನ್‌ಎಂಒ, ಅಂದರೆ ನ್ಯೂರೋಮೈಲೈಟಿಸ್ ಆಪ್ಟಿಕಾ. ಇನ್ನೊಂದು ಮಾಗ್ (MOG) ಆ್ಯಂಟಿಬಾಡಿ ಕಾಯಿಲೆ. ಕಣ್ಣು, ಬೆನ್ನುಹುರಿ ಎರಡನ್ನೂ ಹಿಡಿಯುತ್ತವೆ. ಎನ್‌ಎಂಒ ಇದೆಯಾ ಎಂದು ನೋಡಲು ರಕ್ತದಲ್ಲಿ ಅಕ್ವಾಪೊರಿನ್-4 ಆ್ಯಂಟಿಬಾಡಿ ಪರೀಕ್ಷೆ ಮಾಡುತ್ತಾರೆ. ಆ ಆ್ಯಂಟಿಬಾಡಿ ಪತ್ತೆಯಾದದ್ದೇ 2004ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಜನರಿಗೆ ಎಂಎಸ್ ಅಂತಲೇ ಚೀಟಿ ಬರೆಯುತ್ತಿದ್ದರು.

ಇದು ಬರೀ ಹೆಸರಿನ ಜಗಳ ಅಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೊಡ್, ನಟಾಲಿಜುಮ್ಯಾಬ್ ಇವು ಎನ್‌ಎಂಒ ಇದ್ದವರಿಗೆ ಕಾಯಿಲೆ ಜಾಸ್ತಿ ಮಾಡಬಹುದು. ಎನ್‌ಎಂಒದಲ್ಲಿ ಹಾನಿ ಬಹುಮಟ್ಟಿಗೆ ಅಟ್ಯಾಕಿನಿಂದಲೇ, ಅಂದರೆ ಕಾಯಿಲೆ ದಿಢೀರನೆ ಕೆರಳುವುದರಿಂದಲೇ ಆಗುತ್ತದೆ. ಒಂದೇ ಅಟ್ಯಾಕು ಕಣ್ಣು ತೆಗೆಯಬಹುದು. ಹಾಗಾಗಿ ಅಲ್ಲಿ ಅಟ್ಯಾಕು ತಡೆಯುವ ಔಷಧಿಗೇ ಮೊದಲ ಮಣೆ: ರಿಟುಕ್ಸಿಮ್ಯಾಬ್, ಅಜಥಯೋಪ್ರಿನ್, ಮೈಕೊಫೆನೊಲೇಟ್. 2019ರಿಂದ ಈಚೆಗೆ ಎಕುಲಿಜುಮ್ಯಾಬ್‌ನಂಥ ದುಬಾರಿ ಔಷಧಿಗಳಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಹೇಳುವ, ಕೀಮೋ ಜೊತೆಗಿನ ಸ್ಟೆಮ್ ಸೆಲ್ ಕಸಿ ಎನ್‌ಎಂಒಗೆ ಆಗುತ್ತದಾ ಎಂದು ನೋಡಿದ, 2019ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದ್ದದ್ದು 13 ಜನ. ಫಲಿತಾಂಶ ಆಸೆ ಹುಟ್ಟಿಸುವ ಹಾಗಿತ್ತು. ಆದರೆ ಹದಿಮೂರು ಜನರನ್ನು ನೋಡಿ ತೋಟ ಅಡವಿಡಲು ಆಗುವುದಿಲ್ಲ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಎಂಎಸ್‌ದೇ.

ಒಂದನೆಯದು: ಕೀಮೋ ಜೊತೆಗಿನ ಕಸಿ

ಹಳೇ ಕಾಫಿ ಗಿಡ ಇಳುವರಿ ಬಿಟ್ಟಾಗ ನಾವೇನು ಮಾಡುತ್ತೇವೆ? ಬುಡದಿಂದ ಒಂದಡಿ ಬಿಟ್ಟು ಕಡಿಯುತ್ತೇವೆ. ಕಾಲರ್ ಪ್ರೂನಿಂಗ್. ಬೇರು ಅದೇ, ಮೇಲೆ ಬರುವ ಚಿಗುರು ಹೊಸದು. ಈ ಚಿಕಿತ್ಸೆಯೂ ಹಾಗೇ. ದಾರಿ ತಪ್ಪಿದ ರೋಗನಿರೋಧಕ ಕಣಗಳನ್ನು ಕೀಮೋ ಕೊಟ್ಟು ಬುಡದವರೆಗೆ ಸವರಿಹಾಕುತ್ತಾರೆ. ಮೊದಲೇ ತೆಗೆದಿಟ್ಟ ರೋಗಿಯದೇ ರಕ್ತದ ಸ್ಟೆಮ್ ಸೆಲ್ಲನ್ನು ವಾಪಸ್ ಕೊಡುತ್ತಾರೆ, ಹೊಸ ಚಿಗುರು ಬರಲಿ ಅಂತ.

ನನಗೆ ತಲೆಗೆ ಹೋಗಲು ತುಂಬ ದಿನ ಹಿಡಿದ ಮಾತು ಇದು. ಇಲ್ಲಿ ಔಷಧಿ ಸ್ಟೆಮ್ ಸೆಲ್ ಅಲ್ಲ. ಔಷಧಿ ಕೀಮೋ. ಸ್ಟೆಮ್ ಸೆಲ್ ಬರುವುದು ಕೀಮೋ ಕೊಟ್ಟ ಏಟಿನಿಂದ ರಕ್ತವನ್ನು ಬೇಗ ಎಬ್ಬಿಸಿ ನಿಲ್ಲಿಸಲು. ಅದು ಹೋಗಿ ನರ ಕಟ್ಟುವುದಿಲ್ಲ. ಮೈಲಿನ್ ಮೆತ್ತುವುದೂ ಇಲ್ಲ. ಇಲಿ ಓಡಿಸುತ್ತದೆ, ತುಂಡಾದ ವೈರು ಜೋಡಿಸುವುದಿಲ್ಲ. ಊತ ಇಳಿದ ಮೇಲೆ ಕೆಲವರಿಗೆ ನಡಿಗೆ, ಕೈ ಬಲ ಸುಧಾರಿಸುವುದುಂಟು. ಅದು ಉಳಿದಿದ್ದ ನರದ ಪುಣ್ಯ.

ನಮ್ಮೂರಿನ ಒಬ್ಬ ನಿವೃತ್ತ ಮೇಷ್ಟ್ರಿಗೆ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರ್‌ಗೆ ಇಂಥದೇ ಸ್ವಂತ ಸ್ಟೆಮ್ ಸೆಲ್ ಕಸಿ ಆಗಿತ್ತು. ಕೊಡುವ ಕೀಮೋ ಬೇರೆ, ದಾರಿ ಹೆಚ್ಚುಕಮ್ಮಿ ಒಂದೇ. ಅವರ ಜಗಲಿಯಲ್ಲಿ ಕೂತು ಕೇಳಿದ್ದು ಯಾವ ಕರಪತ್ರದಲ್ಲೂ ಇರಲಿಲ್ಲ. ಮೊದಲು ಕೆಲವು ದಿನ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಅದರಿಂದ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್ ರಕ್ತಕ್ಕೆ ಇಳಿಯುತ್ತದೆ. ಆಗ ಸೊಂಟದ ಮೂಳೆ ಒಳಗಿಂದ ಯಾರೋ ಗುದ್ದಿದ ಹಾಗೆ ನೋವು. ಆಮೇಲೆ ಡಯಾಲಿಸಿಸ್ ಥರದ ಮೆಷಿನ್ನಿಗೆ ಕೂರಿಸಿ ಕೆಲವು ಗಂಟೆ ರಕ್ತ ಸೋಸಿ, ಬೇಕಾದ್ದನ್ನು ತೆಗೆದು ಶೀತಲದಲ್ಲಿ ಇಡುತ್ತಾರೆ. ಮುಂದಿನ ಅಡ್ಮಿಷನ್ನಿಗೆ ಕೀಮೋ. ಎಂಎಸ್‌ನಲ್ಲಿ ಇದರ ಜೊತೆಗೆ ಎಟಿಜಿ ಅನ್ನುವ ಔಷಧಿಯನ್ನೂ ಸೇರಿಸುತ್ತಾರೆ. ಸೆಲ್ ವಾಪಸ್ ಕೊಡುವ ದಿನ ಒಂದು ಬಾಟಲಿ ಡ್ರಿಪ್ಪಿನಷ್ಟೇ ಕೆಲಸ. "ಇಷ್ಟೇನಾ ಅಂದ್ಕೊಂಡೆ ಕಣಯ್ಯಾ, ಆದ್ರೆ ರೂಮೆಲ್ಲಾ ಬೆಳ್ಳುಳ್ಳಿ ವಾಸನೆ" ಅಂದರು ಮೇಷ್ಟ್ರು. ಕೆಡದಂತೆ ಹಾಕಿಟ್ಟ ರಾಸಾಯನಿಕದ ವಾಸನೆ ಅದು. ಮೈಯಿಂದ, ಉಸಿರಿನಿಂದ ಒಂದೆರಡು ದಿನ ಬರುತ್ತದಂತೆ.

ಕಷ್ಟ ಶುರುವಾಗುವುದು ಆಮೇಲೆ. ಸುಮಾರು ಎರಡು ವಾರ ಬಿಳಿ ರಕ್ತಕಣ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯುತ್ತದೆ. ಜ್ವರ, ಬಾಯಿ ಹುಣ್ಣು, ಭೇದಿ. ಕೂದಲು ಹೋಗುತ್ತದೆ, ಆಮೇಲೆ ಬರುತ್ತದೆ. ಆಸ್ಪತ್ರೆಯಲ್ಲೇ ಮೂರು ನಾಲ್ಕು ವಾರ. ಪೂರ್ತಿ ಸುಧಾರಿಸಿಕೊಳ್ಳಲು ತಿಂಗಳುಗಳು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ನೆನಪೂ ಹೋಗಿರುವುದರಿಂದ ಕೂಸಿಗೆ ಹಾಕಿಸಿದ ಹಾಗೆ ಮತ್ತೆ ಹಾಕಿಸಬೇಕು. ಕೆಲವರಿಗೆ ಮುಂದೆ ಥೈರಾಯ್ಡ್ ತೊಂದರೆ ಬರುತ್ತದೆ. ಹೆಂಗಸರಿಗೆ ಮುಟ್ಟು ಬೇಗ ನಿಂತುಹೋಗಬಹುದು, ಗಂಡಸರಿಗೂ ಮಕ್ಕಳಾಗುವ ಶಕ್ತಿ ಕುಗ್ಗಬಹುದು.

ಈ ಕೊನೆಯ ವಿಷಯ ನಮಗೆ ಯಾರೂ ಮೊದಲು ಹೇಳಲಿಲ್ಲ. ತಂಗಿಗೆ ಇಪ್ಪತ್ತೊಂಬತ್ತು. ಮದುವೆಯಾಗಿ ಎರಡು ವರ್ಷ. ಬೆಂಗಳೂರಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ, ಚನ್ನರಾಯಪಟ್ಟಣ ದಾಟಿದ ಮೇಲೆ, ಅವಳೇ ಕೇಳಿದಳು. "ಅಣ್ಣ, ಇದಾದ್ಮೇಲೆ ಮಕ್ಕಳಾಗಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂದಿರಲಿಲ್ಲ ಅಂತ ನನಗೆ ಗೊತ್ತು. ಅಂಡಾಣು, ಭ್ರೂಣ ಅಥವಾ ವೀರ್ಯವನ್ನು ಮೊದಲೇ ತೆಗೆದು ಶೀತಲದಲ್ಲಿ ಇಡಿಸಬಹುದು. ಆದರೆ ಆ ಮಾತು ಕೀಮೋ ಮುಂಚೆ ಆಗಬೇಕು. ನಾಚಿಕೆ ಬಿಟ್ಟು ಕೇಳಿ.

ಫಲ ಏನು? ಎಂಎಸ್‌ಗೆ ಈ ಕಸಿ ಶುರುವಾದದ್ದು 1995ರಲ್ಲಿ, ಗ್ರೀಸ್ ದೇಶದ ಥೆಸಲೊನೀಕಿಯಲ್ಲಿ. ಮೊದಲ ವರ್ಷಗಳಲ್ಲಿ ಸಾವು ಕಡಿಮೆ ಇರಲಿಲ್ಲ. 1995ರಿಂದ 2006ರ ನಡುವೆ 13 ದೇಶಗಳಲ್ಲಿ ಕಸಿಯಾದ 281 ಜನರ ಲೆಕ್ಕ 2017ರಲ್ಲಿ ಬಂತು. ಮೊದಲ ನೂರು ದಿನದಲ್ಲಿ 8 ಜನ ತೀರಿಕೊಂಡಿದ್ದರು. ಆ ನಂತರ ಯಾರಿಗೆ ಮಾಡಬೇಕು, ಎಷ್ಟು ಕೀಮೋ ಕೊಡಬೇಕು ಅನ್ನುವುದು ಪಳಗಿ, ಅನುಭವ ಇರುವ ಕಡೆ ಈ ಅಪಾಯ ಬಹಳ ಇಳಿದಿದೆ. ಸೊನ್ನೆ ಆಗಿಲ್ಲ.

2019ರಲ್ಲಿ ಬಂದ ಮಿಸ್ಟ್ ಅನ್ನುವ ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅಟ್ಯಾಕು ಬಂದು ಹೋಗುವ ಥರದ ಎಂಎಸ್ ಇದ್ದ 110 ಜನ. 55 ಜನಕ್ಕೆ ಕಸಿ, 55 ಜನಕ್ಕೆ ಔಷಧಿ. ಕಾಯಿಲೆ ಮುಂದುವರಿದದ್ದು ಕಸಿಯವರಲ್ಲಿ 3 ಜನಕ್ಕೆ, ಔಷಧಿಯವರಲ್ಲಿ 34 ಜನಕ್ಕೆ. ಯಾರೂ ಸಾಯಲಿಲ್ಲ. ಕೇಳಿದರೆ ನಾಳೆಯೇ ಅಡ್ಮಿಟ್ ಮಾಡಿಸೋಣ ಅನಿಸುತ್ತದೆ, ಅಲ್ವಾ? ಆದರೆ ಔಷಧಿಯ ಗುಂಪಿನಲ್ಲಿ ಇವತ್ತಿನ ಜೋರು ಔಷಧಿಯಾದ ಓಕ್ರೆಲಿಜುಮ್ಯಾಬ್ ಇರಲಿಲ್ಲ. 2023ರಲ್ಲಿ ಹಲವು ದೇಶಗಳ ದಾಖಲೆ ಸೇರಿಸಿ ಹೋಲಿಸಿದಾಗ ಕಸಿ ಫಿಂಗೊಲಿಮೊಡ್‌ಗಿಂತ ಬಹಳ ಮೇಲು, ನಟಾಲಿಜುಮ್ಯಾಬ್‌ಗಿಂತ ಸ್ವಲ್ಪ ಮೇಲು ಅಂತ ಕಂಡಿತು. ಓಕ್ರೆಲಿಜುಮ್ಯಾಬ್ ಎದುರು ವ್ಯತ್ಯಾಸ ಕಾಣಲಿಲ್ಲ, ಅದನ್ನು ನೋಡಿದ ಅವಧಿಯೂ ಕಡಿಮೆ. ಈ ಕೊನೆಯ ಸಾಲು ನಮ್ಮ ಮನೆಯ ತೀರ್ಮಾನ ತಿರುಗಿಸಿತು.

ಎರಡನೆಯದು: ಮಾವ ತಂದ ಕರಪತ್ರದ್ದು

ಆ ಕರಪತ್ರದಲ್ಲಿದ್ದದ್ದು ಮೀಸೆಂಕೈಮಲ್ ಸ್ಟೆಮ್ ಸೆಲ್. ಮಜ್ಜೆಯಿಂದ, ಕೊಬ್ಬಿನಿಂದ ಅಥವಾ ಹೊಕ್ಕುಳ ಬಳ್ಳಿಯಿಂದ ತೆಗೆದು, ಬೆಳೆಸಿ, ರಕ್ತಕ್ಕೋ ಬೆನ್ನುಹುರಿಯ ನೀರಿಗೋ ಬಿಡುತ್ತಾರೆ. ಕೀಮೋ ಇಲ್ಲ. ಎರಡು ಮೂರು ದಿನದ ಕೆಲಸ. ಊತ ಇಳಿಸುವ ಗುಣ ಈ ಸೆಲ್‌ಗಳಿಗೆ ಪ್ರಯೋಗಶಾಲೆಯಲ್ಲಿ ಇರುವುದು ನಿಜ. ಅದಕ್ಕೇ ವಿಜ್ಞಾನಿಗಳೂ ಆಸೆಯಿಂದ ನೋಡಿದ್ದು.

ನೋಡಿದವರಿಗೆ ಸಿಕ್ಕಿದ್ದು ಇಷ್ಟು. ಮೆಸೆಮ್ಸ್ ಅನ್ನುವ ಪ್ರಯೋಗದಲ್ಲಿ ಒಂಬತ್ತು ದೇಶಗಳ 144 ಎಂಎಸ್ ರೋಗಿಗಳಿಗೆ ಅವರದೇ ಮಜ್ಜೆಯ ಸೆಲ್ ಕೊಟ್ಟು, ಖಾಲಿ ಡ್ರಿಪ್ಪಿನ ಜೊತೆ ಹೋಲಿಸಿದರು. 2021ರಲ್ಲಿ ಫಲಿತಾಂಶ ಬಂತು. ಅಪಾಯ ಆಗಲಿಲ್ಲ. ಆದರೆ ಆರು ತಿಂಗಳ ಹೊತ್ತಿಗೆ ಎಂಆರ್‌ಐಯಲ್ಲಿ ಉರಿಯುವ ಚುಕ್ಕೆಗಳು ಕಡಿಮೆಯೂ ಆಗಲಿಲ್ಲ. ಇದಕ್ಕಾ ತೋಟ ಅಡವಿಡುವುದು?

ಹಾಗಾದರೆ ವಿಡಿಯೋದಲ್ಲಿ ಎದ್ದು ಓಡಾಡುವವರು? ಅಲ್ಲೇ ಇರುವುದು ಸೂಕ್ಷ್ಮ. ಅಟ್ಯಾಕು ಬಂದು ಹೋಗುವ ಥರದ ಎಂಎಸ್‌ನಲ್ಲಿ ಅಟ್ಯಾಕು ಆದ ಮೇಲೆ ವಾರ, ತಿಂಗಳಲ್ಲಿ ತಾನಾಗೇ ಎಷ್ಟೋ ಇಳಿಯುತ್ತದೆ. ಜನ ಕ್ಲಿನಿಕ್ಕಿಗೆ ಓಡುವುದು ಕಾಯಿಲೆ ಜೋರಾಗಿದ್ದಾಗ. ನಾಳೆ ಬರೋ ಮಳೆಗೆ ಇವತ್ತು ಪೂಜೆ ಮಾಡಿಸಿದವನಿಗೆ ಹೆಸರು ಬಂದ ಹಾಗೆ. ಜೊತೆಗೆ ಅಲ್ಲಿ ದಿನಾ ಫಿಸಿಯೋಥೆರಪಿ ಮಾಡಿಸುತ್ತಾರೆ. ಅದು ನಿಜವಾಗಿಯೂ ಉಪಯೋಗ, ಮತ್ತು ಊರಲ್ಲೇ ಮಾಡಿಸಬಹುದು.

ಕರಪತ್ರದ ನಂಬರಿಗೆ ನಾನೇ ಫೋನ್ ಮಾಡಿದೆ. "ಕೀಮೋ ಕೊಡ್ತೀರಾ?" ಅಂತ ಕೇಳಿದೆ. "ಇಲ್ಲ ಸರ್, ನಮ್ಮದ್ರಲ್ಲಿ ಸೈಡ್ ಎಫೆಕ್ಟೇ ಇಲ್ಲ" ಅಂದ ಆ ಹುಡುಗ, ಖುಷಿಯಿಂದ. "ಇದು ಟ್ರಯಲ್ಲಾ? ಸಿಟಿಆರ್‌ಐ ನಂಬರ್ ಕೊಡಿ" ಅಂದೆ. ನಮ್ಮ ದೇಶದಲ್ಲಿ ಔಷಧಿ, ಚಿಕಿತ್ಸೆಯ ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿ ಅದು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರ್, ಈ ವಾರ ಬುಕ್ ಮಾಡಿದ್ರೆ ಐವತ್ತು ಸಾವಿರ ಕಡಿಮೆ ಮಾಡಿಸ್ತೀನಿ." ಅಡಿಕೆ ವ್ಯಾಪಾರಿಯೂ ಇಷ್ಟು ಬೇಗ ಇಳಿಯುವುದಿಲ್ಲ.

ಆ ಎರಡು ಪ್ರಶ್ನೆ ನೀವೂ ಬರೆದಿಟ್ಟುಕೊಳ್ಳಿ. ಎಂಎಸ್‌ನಲ್ಲಿ ಪುರಾವೆ ಗಟ್ಟಿ ಇರುವ ಸ್ಟೆಮ್ ಸೆಲ್ ಚಿಕಿತ್ಸೆ ಕೀಮೋ ಇರುವುದು ಮಾತ್ರ. ಕೀಮೋ ಇಲ್ಲ ಅಂದರೆ ಅದು ಬೇರೆಯದೇ. ಎರಡನೆಯದಾಗಿ, ಐಸಿಎಂಆರ್ ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಒಪ್ಪಿತ ಕಾಯಿಲೆಗಳಿಗೆ ಮಾಡುವ ರಕ್ತದ ಸ್ಟೆಮ್ ಸೆಲ್ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಪ್ರಯೋಗ. ನೋಂದಾಯಿತ ಟ್ರಯಲ್ ಒಳಗೇ ನಡೆಯಬೇಕು, ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು. ಲಕ್ಷ ಕೇಳುವ ಟ್ರಯಲ್ ಟ್ರಯಲ್ಲೇ ಅಲ್ಲ.

"ಉಪಯೋಗ ಇಲ್ಲದಿದ್ರೂ ತೊಂದರೆ ಏನು?" ಅಂದರು ಮಾವ. ಪಾರ್ಶ್ವವಾಯು ಆಗಿದ್ದ ಒಬ್ಬ ಅಮೆರಿಕದ ರೋಗಿ ಬೇರೆ ಬೇರೆ ದೇಶಗಳಲ್ಲಿ ಇಂಥ ಇಂಜೆಕ್ಷನ್ ಹಾಕಿಸಿಕೊಂಡು, ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆದದ್ದು 2016ರಲ್ಲಿ ವರದಿಯಾಗಿದೆ. ಆ ಗೆಡ್ಡೆಯ ಸೆಲ್ ಅವರದಲ್ಲ, ಇನ್ಯಾರದೋ. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಇದನ್ನು ನಂಬಿ ಔಷಧಿ ನಿಲ್ಲಿಸಿ ಕಾಯುವ ತಿಂಗಳುಗಳಲ್ಲಿ ಇಲಿ ವೈರು ಕಡಿಯುತ್ತಲೇ ಇರುತ್ತದೆ.

ಮೂರನೆಯದು ನರದ ಸ್ಟೆಮ್ ಸೆಲ್ಲನ್ನೇ ಮಿದುಳಿಗೆ ಹಾಕುವುದು. ಇಟಲಿಯಲ್ಲಿ 15 ಜನರ ಮೇಲೆ ನಡೆದ ಮೊದಲ ಹಂತದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ನೋಡಿದ್ದು ಮುಖ್ಯವಾಗಿ ಸುರಕ್ಷಿತವೇ ಅಂತ. ಯಾರಾದರೂ ಇದನ್ನು ದುಡ್ಡಿಗೆ ಮಾಡುತ್ತೇವೆ ಅಂದರೆ ಫೋನ್ ಇಟ್ಟುಬಿಡಿ.

ಕಸಿಯ ನಿಜವಾದ ಎದುರಾಳಿ ಔಷಧಿ

ಸ್ಟೆಮ್ ಸೆಲ್ಲಾ, ಏನೂ ಇಲ್ಲವಾ ಅನ್ನುವುದಲ್ಲ ಪ್ರಶ್ನೆ. ಕಸಿಯಾ, ಜೋರು ಔಷಧಿಯಾ ಅನ್ನುವುದು. ಎಂಎಸ್‌ಗೆ ಈಗ ಬೇಕಾದಷ್ಟು ಔಷಧಿ ಇವೆ. ನಮ್ಮ ದೇಶದಲ್ಲಿ ಜಾಸ್ತಿ ಮಾತಿಗೆ ಬರುವುದು ರಿಟುಕ್ಸಿಮ್ಯಾಬ್. ಓಕ್ರೆಲಿಜುಮ್ಯಾಬ್ ಹಾಗೇ ಇದೂ ಬಿ ಸೆಲ್ ಅನ್ನುವ ರೋಗನಿರೋಧಕ ಕಣಗಳನ್ನು ಮಾತ್ರ ತೆಗೆಯುತ್ತದೆ. ಬುಡದವರೆಗೆ ಕಡಿಯುವುದಲ್ಲ, ಬೇಡದ ಚಿಗುರು ಮಾತ್ರ ತೆಗೆಯುವುದು. ಮೂಲತಃ ಕ್ಯಾನ್ಸರ್ ಔಷಧಿ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಇದರ ಅಗ್ಗದ ರೂಪ ತಂದಿತು. ಸ್ವೀಡನ್ನಿನಲ್ಲಿ ಸುಮಾರು 200 ಜನರಲ್ಲಿ ಎರಡು ವರ್ಷ ನೋಡಿದಾಗ ಡೈಮಿಥೈಲ್ ಫ್ಯುಮರೇಟ್ ಮಾತ್ರೆ ತಗೊಂಡವರಲ್ಲಿ ಶೇ. 16 ಜನಕ್ಕೆ ಅಟ್ಯಾಕು ಮರಳಿತು, ರಿಟುಕ್ಸಿಮ್ಯಾಬ್‌ನವರಲ್ಲಿ ಶೇ. 3 ಜನಕ್ಕೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಎಸ್‌ಗಾಗಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ತೊಂದರೆ ಇಲ್ಲವೇ? ಇದೆ. ಸೋಂಕು ಬೇಗ ತಗಲುತ್ತದೆ. ಶುರು ಮಾಡುವ ಮುಂಚೆ ಹೆಪಟೈಟಿಸ್ ಬಿ, ಟಿಬಿ ನೋಡಲೇಬೇಕು. ಮೊದಲ ಡ್ರಿಪ್ಪಿನಲ್ಲಿ ತಂಗಿಗೆ ಗಂಟಲು ಕೆರೆತ ಬಂತು, ನರ್ಸಮ್ಮ ವೇಗ ಇಳಿಸಿದರು, ನಿಂತಿತು. ಬೆಳಿಗ್ಗೆ ಹೋದರೆ ಸಂಜೆ ಮನೆ. ಆರು ತಿಂಗಳಿಗೊಮ್ಮೆ. ಕಸಿ ಒಂದು ಸಲದ ದೊಡ್ಡ ಏಟು, ಔಷಧಿ ವರ್ಷಗಟ್ಟಲೆ ಸಾಗುವ ಸಣ್ಣ ಜಂಜಾಟ.

ಯಾರಿಗೆ ಯಾವುದು

ಕಸಿಯಿಂದ ಜಾಸ್ತಿ ಲಾಭ ಆಗುವುದು ಚಿಕ್ಕ ವಯಸ್ಸು, ಕಾಯಿಲೆ ಬಂದು ಹತ್ತು ವರ್ಷದೊಳಗೆ, ಇನ್ನೂ ಓಡಾಡಿಕೊಂಡಿರುವವರು, ಜೋರು ಔಷಧಿ ತಗೊಂಡರೂ ಅಟ್ಯಾಕು ಅಥವಾ ಎಂಆರ್‌ಐಯಲ್ಲಿ ಹೊಸ ಚುಕ್ಕೆ ಬರುತ್ತಿರುವವರು ಇಂಥವರಿಗೆ. ಗಾಲಿಕುರ್ಚಿಗೆ ಬಂದ ಮೇಲೆ, ಊತ ಆರಿ ನರ ಮಾತ್ರ ನಿಧಾನ ಸವೆಯುತ್ತಿರುವಾಗ ಕಸಿ ಮಾಡಿಸಿದರೆ ಅಪಾಯ ಪೂರ್ತಿ, ಫಲ ಅಲ್ಪ. ಜನ ಮಾಡುವುದು ಉಲ್ಟಾ: ಎಲ್ಲ ಮುಗಿದ ಮೇಲೆ ಕೊನೆಯ ಆಸೆ ಅಂತ ಹೋಗುತ್ತಾರೆ. ಉರಿಯುವ ಬೆಂಕಿಗೆ ಹಾಕಬೇಕಾದ ನೀರು ಬೂದಿಗೆ ಯಾಕೆ?

ತಂಗಿ ಇನ್ನೂ ಯಾವ ಜೋರು ಔಷಧಿಯನ್ನೂ ತಗೊಂಡಿರಲಿಲ್ಲ. ಮಗು ಬೇಕು ಅಂತ ಇಬ್ಬರಿಗೂ ಇದೆ. ರಿಟುಕ್ಸಿಮ್ಯಾಬ್ ಆರಿಸಿದೆವು, ಗರ್ಭದ ಯೋಚನೆ ಬಂದಾಗ ಮೊದಲೇ ಡಾಕ್ಟರಿಗೆ ಹೇಳಿ ಡ್ರಿಪ್ಪಿನ ಸಮಯ ಹೊಂದಿಸಬೇಕು ಅಂತ ಮಾತಾಯಿತು. ಇದರ ಮೇಲೂ ಅಟ್ಯಾಕು ಬಂದರೆ ಕಾಯದೆ ಕಸಿಯ ಡಾಕ್ಟರನ್ನು ನೋಡುವುದು ಅಂತಲೂ ಈಗಲೇ ಒಪ್ಪಿಕೊಂಡಿದ್ದೇವೆ. ಕೈಯಲ್ಲಿ ಕೋಲು ಬರುವವರೆಗೆ ಕಾಯುವುದಿಲ್ಲ.

ಮಲೆನಾಡಿನವರಿಗೆ ಮಾತ್ರ

ಕಸಿ ಮಾಡಿಸುವುದಾದರೆ ನಮ್ಮ ಕಡೆಯವರು ಋತು ನೋಡಬೇಕು. ಕಸಿಯಾದ ಮೊದಲ ತಿಂಗಳುಗಳಲ್ಲಿ ಜ್ವರ ಬಂದರೆ ಬೆಳಗಾಗಲಿ ಅನ್ನುವ ಹಾಗಿಲ್ಲ, ಆವತ್ತೇ ಆಸ್ಪತ್ರೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಮಂಗಳೂರು ದಾರಿ ತಿಂಗಳುಗಟ್ಟಲೆ ಬಂದಾಗಿದ್ದು ನೆನಪಿದೆಯಲ್ಲ. ಮರ ಬಿದ್ದು, ಕರೆಂಟು ಹೋಗಿ, ನೆಟ್‌ವರ್ಕ್ ಸತ್ತ ರಾತ್ರಿ ಏನು ಮಾಡುತ್ತೀರಿ? ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಇಲ್ಲ ಆಸ್ಪತ್ರೆ ಹತ್ತಿರ ಬಾಡಿಗೆ ಮನೆ ಹಿಡಿಯಿರಿ. ಹಾಸನದವರು ಇದರಲ್ಲಿ ಪುಣ್ಯವಂತರು, ಹೆದ್ದಾರಿಯೂ ಇದೆ, 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ರೈಲೂ ಇದೆ.

ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಮಣ್ಣು, ಗೊಬ್ಬರ ಗುಂಡಿ, ಕೊಟ್ಟಿಗೆ, ಬೂಷ್ಟು ಹಿಡಿದ ಗೋಡೆ, ಕೊಳೆತ ಕಾಫಿ ಸಿಪ್ಪೆ, ಕಣದ ಧೂಳು ಎಲ್ಲದರಿಂದ ದೂರ ಇರಬೇಕು. ಅದರ ಫಂಗಸ್ ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಮಲೆನಾಡಿನ ಮನೆಯಲ್ಲಿ ಇವೆಲ್ಲ ಬಿಟ್ಟರೆ ಉಳಿಯುವುದೇನು ಅಂತ ನಮ್ಮಮ್ಮ ಕೇಳಿದರು. ಒಂದು ಕೋಣೆಗೆ ಸುಣ್ಣ ಹೊಡೆಸಿ, ಒಣಗಿಸಿ ಇಡುವುದೇ ದಾರಿ. ಬಾವಿ ನೀರು ಕುದಿಸಿಯೇ ಕುಡಿಯಬೇಕು.

ದುಡ್ಡಿನ ವಿಷಯ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಯಶಸ್ವಿನಿ, ಇಲ್ಲ ಖಾಸಗಿ ವಿಮೆ ಏನೇ ಇರಲಿ, ಅಡ್ಮಿಟ್ ಆಗುವ ಮುಂಚೆ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆ ನೋಡಿಕೊಳ್ಳುವ ಆರೋಗ್ಯ ಮಿತ್ರರ ಹತ್ತಿರ, ಇಲ್ಲವೇ ವಿಮೆ ಕಂಪನಿಯ ಹತ್ತಿರ ಬರವಣಿಗೆಯಲ್ಲಿ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಹೆಸರು ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಹಿಂಜರಿಯಬೇಡಿ. 1985ರಿಂದ ಇರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆ ಇದೆ.

ಡಾಕ್ಟರ ಹತ್ತಿರ ಹೋಗುವಾಗ ಎಂಆರ್‌ಐ ವರದಿ ಸಾಲದು, ಸಿಡಿಯೂ ಬೇಕು. ಅಕ್ವಾಪೊರಿನ್ ಪರೀಕ್ಷೆಯ ಚೀಟಿ, ಯಾವ ತಿಂಗಳು ಯಾವ ಅಟ್ಯಾಕು, ಎಷ್ಟು ದಿನಕ್ಕೆ ಇಳಿಯಿತು ಅನ್ನುವ ಪಟ್ಟಿ. ತಂಗಿ ಅದನ್ನು ಕಾಫಿ ಕೊಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಾಳೆ. ಮುಂದಿನ ಎಂಆರ್‌ಐ ನವೆಂಬರಿನಲ್ಲಿ. ತವರಿಗೆ ಬಂದಾಗ ಅಮ್ಮ ಅವಳಿಗೆ ಅಂತಲೇ ಒಂದು ನೀಲಿ ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ ಇಡುತ್ತಾರೆ, ಹಂಡೆಯ ಹತ್ತಿರ ಅವಳನ್ನು ಬಿಡುವುದಿಲ್ಲ.